ಎರಡು ಸಲ ಕೇಳಿದ ಗರ್ನಾಲು

ಮಾರ್ತೀಸ್ ತಾರಸಿಯ ಮೇಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ವಾಷಿಂಗ್ ಮಷೀನಿನಲ್ಲಿ ಒಂದು ತುಂಡು ಬಟ್ಟೆಯೂ ಇರಲಿಲ್ಲ, ಸುಮ್ಮನೆ ತಿರುಗುತ್ತಿತ್ತು. ಫೋನಿನ ಮಾತು ಆಚೆ ಕೇಳಬಾರದೆಂದು ಅವಳೇ ಅದನ್ನು ತಿರುಗಲು ಬಿಟ್ಟಿದ್ದಳು. ಮಾಲ್ಟಾದ ಹಳ್ಳಿಗಳಲ್ಲಿ ಗೋಡೆಗಳು ಮೊಳದಷ್ಟು ದಪ್ಪ. ಆದರೂ ಈ ಮನೆಯಲ್ಲಿ ಸೀನಿದರೆ ಆ ಮನೆಯವರು ದೇವರು ಒಳ್ಳೆಯದು ಮಾಡಲಿ ಅನ್ನುತ್ತಾರೆ, ಅದು ಹೇಗೋ ಗೊತ್ತಿಲ್ಲ.

“ಮಾತ್ರೆ ಎರಡು ತರದ್ದು ಬರುತ್ತೆ,” ಎಂದು ಪಿಸುಗುಟ್ಟುತ್ತಿತ್ತು ಫೋನಿನ ಧ್ವನಿ. “ಮೊದಲನೇದು ತಗೊಂಡ ದಿನ ಅಷ್ಟೇನೂ ಗೊತ್ತಾಗೋಲ್ಲ. ಮಾರನೇ ದಿನದ್ದಕ್ಕೆ ಹೊಟ್ಟೆನೋವು, ರಕ್ತ ಎಲ್ಲ ಇರುತ್ತೆ. ಅವತ್ತು ಜೊತೆಗೆ ಯಾರಾದರೂ ಇದ್ದರೆ ಒಳ್ಳೇದು. ಇದಾರಾ ನಿಮಗೆ ಯಾರಾದರೂ?”

“ಇಲ್ಲ,” ಎಂದಳು ಮಾರ್ತೀಸ್.

“ಒಬ್ಬರೂ?”

“ಹೇಳಿದೆನಲ್ಲ, ಇಲ್ಲ ಅಂತ.”

ಅವಳನ್ನು ಪರೀಕ್ಷಿಸಿ ಮಾತ್ರೆ ಬರೆದುಕೊಟ್ಟ ಡಾಕ್ಟರು ಹೊರದೇಶದವರು. ಕಂಪ್ಯೂಟರಿನ ಪರದೆಯಲ್ಲಿ ಮುಖ ನೋಡಿ, ಹಳೆಯ ಕಾಯಿಲೆಗಳನ್ನೆಲ್ಲ ಕೇಳಿ, ಇಂಗ್ಲಿಷಿನಲ್ಲಿ ಮಾತಾಡಿಸಿದ್ದರು. ಆಮೇಲೆ ನಿಮ್ಮ ಭಾಷೆಯಲ್ಲೇ ವಿವರಿಸಲು ಒಬ್ಬ ನರ್ಸ್ ಫೋನ್ ಮಾಡುತ್ತಾರೆ ಎಂದಿದ್ದರು. ಆ ನರ್ಸೇ ಈ ಧ್ವನಿ, ಅವಳೂ ಹೊರದೇಶದಲ್ಲೇ ಇದ್ದಾಳೆ ಎಂದು ಮಾರ್ತೀಸ್ ಎಣಿಸಿದ್ದಳು. ಹೆಸರು ಮಾರಿಯಾ ಎಂದು ಹೇಳಿಕೊಂಡಿತ್ತು. ಈ ದ್ವೀಪದಲ್ಲಿ ಮಾರಿಯಾ ಎಂದರೂ ಒಂದೇ, ಹೆಸರು ಹೇಳುವುದಿಲ್ಲ ಎಂದರೂ ಒಂದೇ. ಮನೆಯಲ್ಲಿ ಹೆದರಿಕೆಯಾದರೆ ಕಡಲಾಚೆ ಸಿಸಿಲಿಯಲ್ಲಿ ಒಂದು ಕ್ಲಿನಿಕ್ ಇದೆ, ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ, ಕೂರಿಸಿ ಚಹಾ ಕೊಟ್ಟು ಮಾತಾಡಿಸುತ್ತಾರೆ ಎಂದೂ ಧ್ವನಿ ಹೇಳಿತ್ತು. ಮೂರು ಮಕ್ಕಳ ತಾಯಿ ಸುಳ್ಳು ಹೇಳಿ ಹಡಗು ಹತ್ತುವುದುಂಟೇ? ಮಾತ್ರೆಯೇ ಸಾಕು ಎಂದಿದ್ದಳು. ಅದು ಆಗಲೇ ಅಂಚೆಯಲ್ಲಿ ಹೊರಟಿತ್ತು.

“ನೋವು ತಡೆಯೋಕೆ ಆಗದೇ ಇದ್ದರೆ...” ಎಂದು ಧ್ವನಿ ಮುಂದುವರಿಸಿತು.

ಆಗ ಮಧ್ಯಾಹ್ನದ ಗರ್ನಾಲು ಸಿಡಿಯಿತು.

ಹಬ್ಬದ ವಾರ. ಊರ ಸಂತನ ಹೆಸರಿನಲ್ಲಿ ದಿನಾ ಮಧ್ಯಾಹ್ನ ಮದ್ದು ತುಂಬಿದ ಗರ್ನಾಲು ಹೊಡೆಯುತ್ತಾರೆ. ಹೊಡೆಯುವವನು ಬೇರೆ ಯಾರೂ ಅಲ್ಲ, ಮಾರ್ತೀಸಳ ಗಂಡ ವಿಸ್ತಿನ್ ಮತ್ತು ಅವನ ಗೆಳೆಯರು. ಮೂರು ಸಣ್ಣದು, ನಡುವೆ ಒಂದು ತಡೆ, ಆಮೇಲೆ ಪಾತ್ರೆಗಳೆಲ್ಲ ನಡುಗುವಂಥ ಒಂದು ದೊಡ್ಡದು. ಆ ತಡೆ ಇವರದೇ ವಿದ್ಯೆ, ಬೇರೆ ಊರಿನವರಿಗೆ ಬರುವುದಿಲ್ಲ. ಕೇಳಿ ಕೇಳಿ ಮಾರ್ತೀಸಳಿಗೆ ಅದು ಗಂಡನ ಗೊರಕೆಯಷ್ಟೇ ಪರಿಚಯವಾಗಿತ್ತು.

ಕಿಟಕಿಯಿಂದ ಮೂರು ಸಣ್ಣವು ಕೇಳಿದವು. ಫೋನಿನಲ್ಲೂ ಸ್ವಲ್ಪ ತಡವಾಗಿ ಮೂರು ಸಣ್ಣವು ಕೇಳಿದವು. ಕಿಟಕಿಯಿಂದ ದೊಡ್ಡದು. ಫೋನಿನಲ್ಲೂ ದೊಡ್ಡದು.

ಮಾರ್ತೀಸ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಆ ಕಡೆಯ ಧ್ವನಿ ತಟ್ಟನೆ ನಿಂತುಹೋಯಿತು. ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳಿಕೊಂಡು ಹಾಗೇ ಇದ್ದರು. ಮೊದಲು ಯಾರು ಫೋನ್ ಇಟ್ಟರೋ ಗೊತ್ತಾಗಲಿಲ್ಲ.

ಹೊರದೇಶವೂ ಇಲ್ಲ, ಮಣ್ಣೂ ಇಲ್ಲ. ಆ ಹೆಂಗಸು ಇದೇ ಊರಿನಲ್ಲಿದ್ದಾಳೆ!

ಅವಳಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಯಾರಿಗೂ ಹೇಳದ್ದನ್ನೆಲ್ಲ ಆ ಧ್ವನಿಯ ಮುಂದೆ ಹೇಳಿಕೊಂಡಿದ್ದಳು. ಮೂರನೆಯವನು ಇಸಾಕ್ ಹುಟ್ಟಿದ ಮೇಲೆ ಸುಮಾರು ಒಂದು ವರ್ಷ ಅವಳು ಅವಳಾಗಿರಲಿಲ್ಲ. ಮಗು ಅತ್ತರೆ ಅದು ಯಾರದೋ ಮಗು ಅನಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಬೆಳಗಾಯಿತೆಂದರೆ ಮತ್ತೆ ಬೆಳಗಾಯಿತಲ್ಲ ಎಂದು ಅಳು ಬರುತ್ತಿತ್ತು. ಅತ್ತೆ ಜಪಸರ ಕೊಟ್ಟಳು. ವಿಸ್ತಿನ್, “ಎಲ್ಲ ಹೆಂಗಸರಿಗೂ ಹಾಗೇ ಆಗುತ್ತೆ, ಹೋಗುತ್ತೆ ಬಿಡು,” ಎಂದ. ಹೇಗೋ ಹೋಯಿತು. ಇನ್ನೊಂದು ಸಲ ಅದರೊಳಗೆ ಇಳಿದರೆ ತಾನು ವಾಪಸ್ ಬರುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ಬಸಿರೆಂದು ಗೊತ್ತಾದ ದಿನವೇ ದೊಡ್ಡಾಸ್ಪತ್ರೆಗೆ ಹೋಗಿ ಇದನ್ನು ತೆಗೆದುಬಿಡಿ ಎಂದು ಅಂಗಲಾಚಿದ್ದಳು. ಅಲ್ಲಿಯ ಡಾಕ್ಟರು, “ಜೀವಕ್ಕೆ ಅಪಾಯ ಅನ್ನೋಕೆ ಕಾನೂನಿಗೆ ಇದು ಸಾಲೋದಿಲ್ಲಮ್ಮ,” ಎಂದು ಬಾಗಿಲು ತೋರಿಸಿದ್ದರು. ಮಾತ್ರೆ ತೆಗೆದುಕೊಂಡು ಸಿಕ್ಕಿಬಿದ್ದರೆ ಜೈಲು. ತೆಗೆದುಕೊಳ್ಳದಿದ್ದರೆ ಏನೆಂದು ಅವಳಿಗೆ ಮಾತ್ರ ಗೊತ್ತು. ಈಗ ಊರಲ್ಲಿ ಇನ್ನೊಬ್ಬಳಿಗೂ ಗೊತ್ತಾಯಿತು.

ಯಾರವಳು?

ಮರುದಿನದಿಂದ ಮಾರ್ತೀಸ್ ಊರಿನ ಹೆಂಗಸರ ಧ್ವನಿಗಳನ್ನು ಸೋಸತೊಡಗಿದಳು. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಬೇಕೆಂದೇ ಹಿಂದೆ ನಿಂತು ಕಿವಿ ನಿಮಿರಿಸಿದಳು. ಔಷಧಿ ಅಂಗಡಿಯವಳನ್ನು ಬೇಡದ ಕೆಮ್ಮಿನ ಔಷಧಿಯ ಬಗ್ಗೆ ಮಾತಾಡಿಸಿದಳು. ಮಕ್ಕಳ ಶಾಲೆಯ ಟೀಚರದು ಮೂಗು ಕಟ್ಟಿದ ಧ್ವನಿ, ಅದಲ್ಲ. ಆದರೆ ಪಿಸುಮಾತಿನಲ್ಲಿ ಇಪ್ಪತ್ತರ ಹುಡುಗಿ ಯಾರು, ಎಪ್ಪತ್ತರ ಮುದುಕಿ ಯಾರು? ಯೋಚಿಸಿದಷ್ಟೂ ಎಲ್ಲರೂ ಅವಳೇ ಅನಿಸಿದರು. ಕೊನೆಗೆ ಅನುಮಾನವೆಲ್ಲ ಒಬ್ಬಳ ಮೇಲೆ ಬಂದು ಕೂತಿತು. ಅನುಮಾನಕ್ಕೆ ಬಹಳ ದೂರ ನಡೆಯುವುದು ಇಷ್ಟವಿಲ್ಲ, ಸಾಮಾನ್ಯವಾಗಿ ಎದುರು ಮನೆಯಲ್ಲೇ ಇಳಿದುಕೊಳ್ಳುತ್ತದೆ.

ಎದುರು ಮನೆಯ ವಿತೊರಿನ್ ವಿಧವೆ, ವಯಸ್ಸು ಎಪ್ಪತ್ತು ದಾಟಿತ್ತು. ಹಸಿರು ಬಣ್ಣದ ಮರದ ಬಾಲ್ಕನಿಯ ಗಾಜಿನ ಹಿಂದೆ ಬೆಳಗಿನಿಂದ ಸಂಜೆಯವರೆಗೆ ಅವಳ ಮುಖ ಇದ್ದೇ ಇರುತ್ತಿತ್ತು. ಬೀದಿಯಲ್ಲಿ ಯಾರು ಯಾರ ಮನೆಗೆ ಹೋದರು, ಎಷ್ಟು ಹೊತ್ತಿದ್ದರು, ಹೊರಬರುವಾಗ ಮುಖ ಹೇಗಿತ್ತು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಪ್ರಾಯದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಆಯಾ ಆಗಿ ದುಡಿದವಳು, ಮಾತ್ರೆ ಔಷಧಿಗಳ ಹೆಸರು ಬಲ್ಲಳು. ಮೆಲ್ಬರ್ನಿನ ತಂಗಿ ಮಗ ಈ ವರ್ಷ ಹೊಸ ಫೋನ್ ಕೊಡಿಸಿದ್ದ, ಅದನ್ನು ಕಿವಿಗೆ ಹಿಡಿದುಕೊಂಡು ಗಾಜಿನ ಹಿಂದೆ ಪಿಸುಗುಟ್ಟುವುದು ಕಾಣುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಸಿರು ತೆಗೆಸುವುದರ ವಿರುದ್ಧ ಚರ್ಚಿನವರು ಮೆರವಣಿಗೆ ಮಾಡಿದಾಗ ಮೇಣದ ಬತ್ತಿ ಹಿಡಿದು ಮುಂದಿನ ಸಾಲಿನಲ್ಲಿ ನಡೆದವಳು ಇವಳೇ.

ಬಲೆ ಬೀಸಿದ್ದಾರೆ, ಎಂದುಕೊಂಡಳು ಮಾರ್ತೀಸ್. ಬಾಯಿ ಬಿಡಿಸಿ, ಮಾತ್ರೆ ಕೈಗೆ ಬಂದ ಕೂಡಲೇ ಹಿಡಿದುಕೊಡುತ್ತಾರೆ.

ಅದಕ್ಕೆ ಸರಿಯಾಗಿ ವಿತೊರಿನ್ ಬೀದಿಯಲ್ಲಿ ಅಡ್ಡ ಬಂದಳು. “ಏನೇ ಹುಡುಗಿ, ಮುಖ ಬಿಳಿಚಿಕೊಂಡಿದೆ. ರಾತ್ರಿ ನಿದ್ದೆ ಬರ್ತಿದೆಯಾ?”

“ಬರ್ತಿದೆ ದೊಡ್ಡಮ್ಮ.”

“ಊಟ?”

“ಅದೂ ಮಾಡ್ತಿದೀನಿ. ಬೇಕಾದರೆ ತಟ್ಟೆ ತಂದು ತೋರಿಸಲಾ?”

“ಅಯ್ಯೋ, ಕೇಳಿದರೆ ತಪ್ಪಾ? ಪೋಸ್ಟಿನವನು ಬಂದನಾ ಇವತ್ತು?”

ಪೋಸ್ಟಿನ ವಿಷಯ ಇವಳಿಗೇಕೆ? ಮಾರ್ತೀಸ್ ಸರ್ರನೆ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅಂದು ಸಂಜೆ ವಿಸ್ತಿನ್ ಮೈಯೆಲ್ಲ ಮದ್ದಿನ ವಾಸನೆ ಹೊತ್ತು ಮನೆಗೆ ಬಂದ. ಹಬ್ಬಕ್ಕೆಂದು ಕೆಲಸಕ್ಕೆ ರಜೆ ಹಾಕಿ ಹದಿನೈದು ದಿನದಿಂದ ಹೊಲದ ನಡುವೆ ಗರ್ನಾಲು ತಯಾರಿಸುವ ಮದ್ದಿನ ಮನೆಯಲ್ಲೇ ಇದ್ದ. ಒಳ್ಳೆಯ ಮನುಷ್ಯ. ಮಕ್ಕಳೆಂದರೆ ಪ್ರಾಣ. ಆದರೆ ಅವನಿಗೆ ಹೇಳಿದ್ದು ಊರ ಗಂಡಸರೆಲ್ಲ ಸೇರುವ ಬ್ಯಾಂಡ್ ಕ್ಲಬ್ಬಿಗೆ ಹೇಳಿದ ಹಾಗೆ, ಬ್ಯಾಂಡ್ ಕ್ಲಬ್ಬಿಗೆ ಹೇಳಿದ್ದು ಡಂಗುರ ಸಾರಿದ ಹಾಗೆ. ಅದಕ್ಕೇ ಅವಳು ಬಾಯಿ ಬಿಟ್ಟಿರಲಿಲ್ಲ.

ಮೊಲದ ಸಾರಿನಲ್ಲಿ ಬ್ರೆಡ್ಡು ಅದ್ದುತ್ತ ಅವನು ಕೇಳಿದ: “ಹೇಗಿತ್ತು ಇವತ್ತಿನ ದೊಡ್ಡದು?”

“ಚೆನ್ನಾಗಿತ್ತು. ಅದು ಎಷ್ಟು ದೂರ ಕೇಳುತ್ತೋ?”

“ದೂರವಾ? ಗಾಳಿ ಸರಿಯಾಗಿದ್ದರೆ ಸಿಸಿಲಿಯವರು ಮಂಚದಿಂದ ಬೀಳ್ತಾರೆ ಕಣೇ! ಪಕ್ಕದೂರಿನವರಂತೂ ದಿನಾ ಹೊಟ್ಟೆ ಉರ್ಕೊಂಡು ಕಿಟಕಿ ಮುಚ್ಚಿಕೊಳ್ತಿದಾರೆ.”

“ಸಾಕು, ಕೊಚ್ಚಿಕೊಂಡಿದ್ದು. ಸಾರು ಆರಿಹೋಗುತ್ತೆ.”

ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಆದರೆ ಆ ಊರಿನ ಹೆಂಗಸರಿಗೆ ಊರ ಗಡಿ ದಾಟಿದರೆ ಜಗತ್ತೇ ಮುಗಿಯಿತು. ತಮ್ಮ ಸಂತನ ಗರ್ನಾಲು ತಮ್ಮ ಕಿವಿಗೆಂದೇ ಹೊಡೆದದ್ದು. ಪಕ್ಕದೂರಿಗೂ ಕಿವಿಗಳಿವೆ ಎಂಬುದು ಯಾರ ತಲೆಗೂ ಹೋಗುವುದಿಲ್ಲ. ಮಾರ್ತೀಸ್ ಅದನ್ನು ಗಂಡನ ಬಡಾಯಿ ಎಂದು ತಟ್ಟೆಯ ಜೊತೆಗೇ ತೊಳೆದುಬಿಟ್ಟಳು.

ಮಾರಿಯಾಳಿಂದ ಮತ್ತೆ ಫೋನ್ ಬರಲಿಲ್ಲ. ಮಾತ್ರೆಯೂ ಬರಲಿಲ್ಲ. ದಿನ ಕಳೆದಷ್ಟೂ ಹೊಟ್ಟೆಯಲ್ಲಿರುವುದು ಬೆಳೆಯುತ್ತದೆ ಎಂಬ ಯೋಚನೆ ಒಂದು ಕಡೆ, ಎದುರು ಬಾಲ್ಕನಿಯ ಮುಖ ಇನ್ನೊಂದು ಕಡೆ.

ಒಂದು ಬೆಳಿಗ್ಗೆ ತಾರಸಿಯ ಮೇಲೆ ಹಾಸಿಗೆಯ ಚಾದರ ಒಣಗಿಸುತ್ತಿದ್ದಾಗ ಅವಳು ಕೆಳಗೆ ಬೀದಿಯನ್ನು ನೋಡಿದಳು. ಪೋಸ್ಟಿನವನು ವಿತೊರಿನಳ ಕೈಗೆ ಒಂದು ಕಂದು ಬಣ್ಣದ ಪೊಟ್ಟಣ ಕೊಡುತ್ತಿದ್ದ. ಮನೆಯಲ್ಲಿ ಯಾರೂ ಬಾಗಿಲು ತೆಗೆಯದಿದ್ದರೆ ಎದುರು ಮನೆಗೆ ಕೊಟ್ಟು ಹೋಗುವುದು ಇಲ್ಲಿಯ ರೂಢಿ. ಗಂಟೆ ಬಾರಿಸಿದ್ದು ತನಗೆ ಕೇಳಿಸಲಿಲ್ಲ! ಮಾರ್ತೀಸ್ ಚಾದರ ಅಲ್ಲೇ ಬಿಸಾಡಿ, ಮೆಟ್ಟಿಲಿಳಿದು, ಬಾಗಿಲು ತೆರೆದು, ಬರಿಗಾಲಲ್ಲಿ ಬೀದಿ ದಾಟಿ ವಿತೊರಿನಳ ಮನೆಗೆ ನುಗ್ಗಿದಳು.

“ಕೊಡಿ ಅದನ್ನ!”

“ಏನೇ ಇದು? ಏನಾಯ್ತು?”

“ನಾಟಕ ಸಾಕು ದೊಡ್ಡಮ್ಮ! ಮಾರಿಯಾ ಅಂತೆ ಮಾರಿಯಾ! ಗರ್ನಾಲು ನಿಮ್ಮ ಫೋನಲ್ಲೂ ಕೇಳಿಸ್ತು. ನನಗೆ ಕಿವಿ ಇಲ್ಲ ಅಂದ್ಕೊಂಡ್ರಾ? ನಯವಾಗಿ ಮಾತಾಡಿ ಎಲ್ಲ ಹೇಳಿಸ್ಕೊಂಡ್ರಿ, ನನ್ನ ಹೊಟ್ಟೇಲಿರೋದು, ಮಾತ್ರೆ ತರಿಸ್ಕೊಂಡಿದ್ದು, ಎಲ್ಲ! ಈಗ ಮಾತ್ರೇನೂ ಕೈಗೆ ಬಂತಲ್ಲ. ಪೊಲೀಸಿಗೆ ಕೊಡ್ತೀರೋ, ಪಾದ್ರಿಗೆ ಕೊಡ್ತೀರೋ?”

ವಿತೊರಿನ್ ಮೊದಲು ಹೋಗಿ ಬೀದಿಯ ಬಾಗಿಲು ಮುಚ್ಚಿದಳು. ಆಮೇಲೆ ಮೇಜಿನ ಮೇಲೆ ಪೊಟ್ಟಣ ಇಟ್ಟು, ಚಾಕುವಿನಿಂದ ನಿಧಾನವಾಗಿ ಸೀಳಿದಳು. ಒಳಗಿದ್ದದ್ದು ಒಂದು ಜೊತೆ ಉಣ್ಣೆಯ ಚಪ್ಪಲಿ.

“ಮೆಲ್ಬರ್ನಿಂದ,” ಎಂದಳು ಅವಳು. “ಅಲ್ಲಿ ಈಗ ಚಳಿಗಾಲ. ಇಲ್ಲಿ ಸೆಖೆ ಅನ್ನೋದು ಆ ದಡ್ಡನಿಗೆ ಮರೆತುಹೋಗಿದೆ. ಬಂತಾ ಬಂತಾ ಅಂತ ದಿನಾ ಫೋನಲ್ಲಿ ಪ್ರಾಣ ತಿಂತಿದ್ದ.”

ಆಡಿದ ಮಾತನ್ನು ಹೆಕ್ಕಿ ಮತ್ತೆ ಬಾಯಿಗೆ ಹಾಕಿಕೊಳ್ಳುವ ಹಾಗಿದ್ದರೆ ಮಾರ್ತೀಸ್ ನೆಲದ ಮೇಲೆ ತೆವಳಿಯಾದರೂ ಹೆಕ್ಕುತ್ತಿದ್ದಳು. ಊರಿಗೇ ದೊಡ್ಡ ಬಾಯಿಗೆ ತಾನೇ ಹೋಗಿ ತುತ್ತು ಇಟ್ಟಿದ್ದಳು. ಅದೂ ಯಾರೂ ಕೇಳದೆ.

“ಮನೆಗೆ ಹೋಗು,” ಎಂದಳು ವಿತೊರಿನ್. ಮುಖದಲ್ಲಿ ಏನೂ ಕಾಣಲಿಲ್ಲ.

ಮನೆಯ ಹೊಸ್ತಿಲು ದಾಟುತ್ತಲೇ ಅವಳ ಕಾಲಿಗೆ ಏನೋ ತಗುಲಿತು. ತೆಳ್ಳಗಿನ, ಅವಳ ವಿಳಾಸ ಬಿಟ್ಟರೆ ಬೇರೇನೂ ಬರೆಯದ ಒಂದು ಬಿಳಿ ಪೊಟ್ಟಣ. ಪೋಸ್ಟಿನವನು ಬಾಗಿಲ ಸೀಳಿನಿಂದ ಮೊದಲೇ ಒಳಗೆ ತಳ್ಳಿ ಹೋಗಿದ್ದ. ಅದನ್ನೇ ತುಳಿದುಕೊಂಡು ಅವಳು ಬೀದಿಗೆ ಓಡಿದ್ದಳು.

ಮಾತ್ರೆ ಬಂತು. ಆದರೆ ತೆಗೆದುಕೊಳ್ಳುವುದು ಹೇಗೆ? ಮಾರ್ತೀಸ್ ಅದನ್ನು ಹಿಟ್ಟಿನ ಡಬ್ಬದ ಹಿಂದೆ ತಳ್ಳಿ, ಕಿಟಕಿಯ ಪರದೆಯ ಸಂದಿಯಿಂದ ಎದುರು ಮನೆಯನ್ನೇ ಕಣ್ಣಲ್ಲಿ ಎಣ್ಣೆ ಹಾಕಿಕೊಂಡು ಕಾದಳು. ಬಾಲ್ಕನಿ ಖಾಲಿ. ಮಧ್ಯಾಹ್ನದ ಮೇಲೆ ವಿತೊರಿನ್ ಕಪ್ಪು ಉಡುಪು ಹಾಕಿಕೊಂಡು ಚರ್ಚಿನ ಕಡೆ ಹೊರಟಳು. ಆ ಬಿಸಿಲಲ್ಲಿ ಅವಳು ಎಂದೂ ಹೊರಗೆ ಕಾಲಿಟ್ಟವಳಲ್ಲ. ಪೊಲೀಸ್ ಠಾಣೆ ಇರುವುದೂ ಅದೇ ಚೌಕದಲ್ಲಿ.

ಸಂಜೆ ಮನೆಗೆ ಬಂದ ವಿಸ್ತಿನ್ ಊಟಕ್ಕೆ ಕೂರಲಿಲ್ಲ. “ವಿತೊರಿನಮ್ಮ ಸಿಕ್ಕಿದ್ದಳು,” ಎಂದ.

“ಏನಂದಳು?”

“ಮದ್ದಿನ ಮನೆ ತನಕ ಬಂದಿದ್ದಳು ಕಣೇ, ಆ ಕಾಲು ಎಳ್ಕೊಂಡು. ನಿನ್ನ ಹೆಂಡ್ತಿ ಸೆಖೆಗೆ ಸೋತುಹೋಗಿದಾಳೆ, ನಿನಗೆ ಗರ್ನಾಲು ಬಿಟ್ಟರೆ ಏನೂ ಕಾಣೋಲ್ಲ ಅಂತ ಎಲ್ಲರ ಎದುರಿಗೇ ಉಗಿದಳು. ನಾಳೆ ಬೆಳಿಗ್ಗೆ ಮಕ್ಕಳನ್ನ ನಿಮ್ಮಮ್ಮನ ಮನೆಗೆ ಬಿಡು, ಹಬ್ಬ ಮುಗಿಯೋ ತನಕ ಅಲ್ಲೇ ಇರಲಿ ಅಂದಳು. ನನ್ನ ಮರ್ಯಾದೆ ತೆಗೆದಳು ಮುದುಕಿ. ಬಿಡ್ತೀನಿ ಬಿಡು. ನಾನೂ ಎರಡು ದಿನ ಮದ್ದಿನ ಮನೇಲೇ ಮಲಗ್ತೀನಿ, ಕೊನೇ ಗರ್ನಾಲುಗಳ ಕೆಲಸ ಬಾಕಿ ಇದೆ.”

“ಇನ್ನೇನು ಹೇಳಿದಳು?”

“ಇನ್ನೇನು? ನಿನ್ನ ಮುಖ ನೋಡು, ನಿಜವಾಗಲೂ ಸುಸ್ತಾಗಿದೀಯ. ಮಲ್ಕೋ ಹೋಗು.”

ಮಾರ್ತೀಸ್ ಮಲಗಿದಳು, ಆದರೆ ಕಣ್ಣು ಮುಚ್ಚಲಿಲ್ಲ. ಮನೆ ಯಾಕೆ ಖಾಲಿ ಮಾಡಿಸುತ್ತಿದ್ದಾಳೆ? ಪೊಲೀಸರು ಬಂದಾಗ ಮಕ್ಕಳು ನೋಡಬಾರದೆಂದು. ಅಷ್ಟು ಮಟ್ಟಿಗಿನ ಕರುಣೆ ಅವಳಿಗೆ ಇರಬಹುದು.

ಬೆಳಿಗ್ಗೆ ಮಕ್ಕಳು ಹೊರಟುಹೋದ ಮೇಲೆ ಮನೆ ಭಣಗುಟ್ಟಿತು. ಆಗ ಫೋನ್ ಬಂತು. ಮಾರಿಯಾ.

“ದಯವಿಟ್ಟು ಇಡಬೇಡಿ,” ಎಂದಿತು ಧ್ವನಿ. “ಗರ್ನಾಲು ನನಗೂ ಕೇಳಿಸ್ತು, ನಿಮ್ಮ ಫೋನಲ್ಲಿ. ನೀವು ಯಾರೋ ಕಳಿಸಿದವರು, ನನ್ನನ್ನ ಹಿಡಿಸೋಕೆ ಮಾತಾಡಿಸ್ತಿದೀರ ಅಂದ್ಕೊಂಡೆ. ಸಿಕ್ಕಿಬಿದ್ದರೆ ನನಗೂ ಜೈಲೇ. ಇಷ್ಟು ದಿನ ಧೈರ್ಯ ಬರಲಿಲ್ಲ, ಕ್ಷಮಿಸಿ.”

“ನೀವು ಯಾರ ಮನೆಯವರು?” ಎಂದಳು ಮಾರ್ತೀಸ್. ಈ ದ್ವೀಪದಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಅದು. “ನಮ್ಮೂರಲ್ಲಿ ಎಲ್ಲಿದೀರ?”

“ನಿಮ್ಮೂರಲ್ಲಿ ನಾನ್ಯಾಕಿರಲಿ? ಪಕ್ಕದೂರಲ್ಲಿದೀನಿ. ಅಮ್ಮನಿಗೆ ಹುಷಾರಿಲ್ಲ ಅಂತ ಬಂದಿದ್ದು. ನಿಮ್ಮ ಗಂಡಸರ ಆ ಮದ್ದಿಗೆ ನಮ್ಮಮ್ಮನ ಎರಡು ಗಾಜಿನ ಲೋಟ ಬಿದ್ದು ಒಡೆದಿವೆ. ನಿಮ್ಮ ಗರ್ನಾಲು ನಿಮ್ಮೂರ ಗಡೀಲಿ ನಿಲ್ಲುತ್ತೆ ಅಂದ್ಕೊಂಡಿದೀರಾ?”

ಮಾರ್ತೀಸಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟೇ! ಇಷ್ಟಕ್ಕೆ ತಾನು ಹೋಗಿ ಎಲ್ಲವನ್ನೂ ಒದರಿ ಬಂದಿದ್ದಳು. ಏನೋ ಹೇಳಲು ಹೋದಳು, ಅಷ್ಟರಲ್ಲಿ ಬೀದಿಯ ಬಾಗಿಲು ಬಡಿದ ಸದ್ದಾಯಿತು. ಒಂದು ಸಲವಲ್ಲ, ಎಡೆಬಿಡದೆ.

“ಬಂದರು,” ಎಂದಳು ಅವಳು. “ಒಂದು ನಿಮಿಷ.” ಫೋನನ್ನು ಹಾಗೇ ಮೇಜಿನ ಮೇಲಿಟ್ಟು ಹೋಗಿ ಬಾಗಿಲು ತೆರೆದಳು.

ವಿತೊರಿನ್ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ಜಪಸರ. ಕರೆಯದೆಯೇ ಒಳಗೆ ಬಂದು, ಚಿಲಕ ತಾನೇ ಹಾಕಿ, ಅಡುಗೆಮನೆಯ ಕುರ್ಚಿಯಲ್ಲಿ ಕೂತು ಏದುಸಿರು ಬಿಟ್ಟಳು.

“ಯಾರಿಗೆ ಹೇಳಿದಿರಿ?” ಎಂದಳು ಮಾರ್ತೀಸ್.

“ದೇವರಿಗೆ ಹೇಳಿದೆ. ಅವನು ಬಿಡು, ಯಾರ ಹತ್ರವೂ ಬಾಯಿ ಬಿಡೋದಿಲ್ಲ.” ವಿತೊರಿನ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನೀನು ಮಾಡ್ತಿರೋದು ಪಾಪ. ಅದನ್ನ ನಿನ್ನ ಮುಖಕ್ಕೇ ಹೇಳ್ತೀನಿ. ಬೀದೀಲಿ ಹೇಳೋಲ್ಲ.”

“ನೀವು ಹೇಳದೇ ಇರೋದುಂಟಾ? ಊರಿಗೆಲ್ಲ ನೀವೇ ಬಾಯಿ.”

“ಹೌದು ಕಣೇ, ನಾನೇ ಬಾಯಿ. ಹಾಗಾದರೆ ಒಂದು ಹೇಳು. ಇಸಾಕ್ ಕೂಸಾಗಿದ್ದಾಗ ನೀನೊಂದು ದಿನ ಅವನನ್ನ ಎತ್ಕೊಂಡು ನಿಮ್ಮ ತಾರಸಿ ಕಟ್ಟೆ ಮೇಲೆ ಹತ್ತಿ ನಿಂತಿದ್ದೆ. ಅದನ್ನ ಈ ಬಾಯಿಂದ ಊರಲ್ಲಿ ಯಾರಾದರೂ ಕೇಳಿದಾರಾ?”

ಮಾರ್ತೀಸ್ ಗೋಡೆಗೆ ಒರಗಿದಳು. ಅದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು. ಎಷ್ಟೋ ಸಲ ತನಗೇ ಗೊತ್ತಿಲ್ಲ ಎಂದುಕೊಂಡು ಬದುಕಿದ್ದಳು.

“ಕೂಗೋಣ ಅಂದರೆ ಬೆಚ್ಚಿ ಕಾಲು ಜಾರ್ತೀಯ ಅಂತ ಭಯ,” ಎಂದಳು ವಿತೊರಿನ್. “ಓಡಿ ಬಂದು ನಿನ್ನ ಬಾಗಿಲು ಬಡಿದೆ. ಬಡಿದೆ, ಬಡಿದೆ, ಕೈ ಊದಿಹೋಯ್ತು. ಕೊನೆಗೆ ಇಳಿದು ಬಂದೆ. ಏನು ಬೇಕು ಅಂತ ರೇಗಿದೆ. ಬಾಯಿಗೆ ಏನೂ ಬರಲಿಲ್ಲ, ಒಂದು ಲೋಟ ಸಕ್ಕರೆ ಕೊಡೇ ಅಂದೆ. ಕೊಟ್ಟು ನನ್ನ ಮೂತಿ ಮೇಲೆ ಬಾಗಿಲು ಹಾಕಿದೆ.”

“ನೆನಪಿದೆ,” ಎಂದಳು ಮಾರ್ತೀಸ್. “ಈ ಮುದುಕಿಗೆ ಹೊತ್ತುಗೊತ್ತಿಲ್ಲ ಅಂತ ಬೈಕೊಂಡಿದ್ದೆ.”

“ನನಗೆ ಸಕ್ಕರೆ ಕಾಯಿಲೆ ಕಣೇ ಹುಚ್ಚಿ. ನನಗ್ಯಾಕೆ ಬೇಕಿತ್ತು ಸಕ್ಕರೆ? ಅವತ್ತಿಂದ ಆ ಗಾಜಿನ ಹಿಂದೆ ಕೂತಿದೀನಲ್ಲ, ಬೀದಿ ನೋಡೋಕೆ ಅಂದ್ಕೊಂಡೆಯಾ? ಬೀದೀಲಿ ಏನಿದೆ ಮಣ್ಣು! ನಿಮ್ಮ ತಾರಸಿ ನೋಡ್ತಾ ಕೂತಿದೀನಿ. ಬೆಳಿಗ್ಗೆ ಎದ್ದರೆ ಅದೇ ಕೆಲಸ ನನಗೆ.”

ಮಾರ್ತೀಸಳಿಗೆ ಅಳು ಒತ್ತರಿಸಿಕೊಂಡು ಬಂತು. ಇಷ್ಟು ವರ್ಷ ಯಾರನ್ನು ಕಂಡರೆ ಪರದೆ ಎಳೆದುಕೊಳ್ಳುತ್ತಿದ್ದಳೋ ಆ ಒಬ್ಬಳೇ ಅವಳ ಸಂಕಟವನ್ನು ನೋಡಿದವಳು. ನೋಡಿದ್ದೂ ಅಲ್ಲದೆ ಕಾವಲು ಕೂತವಳು. ಅವಳ ಕಾಲು ಹಿಡಿದುಕೊಳ್ಳಬೇಕೆನಿಸಿತು, ನಾಚಿಕೆ ಬಿಡಲಿಲ್ಲ. ಸುಮ್ಮನೆ ನಿಂತಲ್ಲೇ ಅತ್ತಳು.

ವಿತೊರಿನ್ ಸಮಾಧಾನ ಮಾಡಲು ಬರಲಿಲ್ಲ. ಎದ್ದು ತನ್ನ ಕುರ್ಚಿಯನ್ನು ಕಿರ್ ಎಂದು ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತಳು.

“ಏನು ತಗೋತೀಯೋ ತಗೋ. ನಾನು ನೋಡೋದಿಲ್ಲ. ನೋಡದೇ ಇದ್ದದ್ದಕ್ಕೆ ಯಾರೂ ನನ್ನ ಕೈಲಿ ಸಾಕ್ಷಿ ಹೇಳಿಸೋಕಾಗೋಲ್ಲ.”

ಮಾರ್ತೀಸ್ ಹಿಟ್ಟಿನ ಡಬ್ಬದ ಹಿಂದಿನಿಂದ ಪೊಟ್ಟಣ ತೆಗೆದು ಒಡೆದಳು. ಲೋಟಕ್ಕೆ ನೀರು ಬಗ್ಗಿಸಿಕೊಂಡು, ಕೈ ಬಿಡುವಿಲ್ಲದ್ದರಿಂದ ಮೇಜಿನ ಮೇಲಿನ ಫೋನನ್ನು ಸ್ಪೀಕರಿಗೆ ಹಾಕಿದಳು. ಮಾರಿಯಾ ಇನ್ನೂ ಇದ್ದಳು.

“ಏನಾಯ್ತು? ಬಾಗಿಲಲ್ಲಿ ಯಾರು? ನೀವು ಸರಿಯಾಗಿದೀರಾ?”

“ಸರಿಯಾಗಿದೀನಿ. ಮೊದಲನೇ ಮಾತ್ರೆ ತಗೋತಿದೀನಿ.”

“ನಿಧಾನ, ಏನೂ ಆತುರ ಇಲ್ಲ. ನಾಳೆಗೆ ಜೊತೆಗೆ ಯಾರಾದರೂ ಇದಾರಾ?”

ಮಾರ್ತೀಸ್ ವಿತೊರಿನಳ ಬೆನ್ನನ್ನು ನೋಡಿದಳು. ಕಪ್ಪು ಉಡುಪಿನ ಆ ಬೆನ್ನು ಅಲ್ಲಾಡಲಿಲ್ಲ, ಜಪಸರದ ಮಣಿಗಳು ಮಾತ್ರ ಚಲಿಸುತ್ತಿದ್ದವು.

“ಯಾರೂ ಇಲ್ಲ ಅನ್ನು,” ಎಂದಳು ವಿತೊರಿನ್, ಗೋಡೆಗೇ ಹೇಳುವ ಹಾಗೆ. “ನಾಳೇನೂ ಯಾರೂ ಇರೋಲ್ಲ ಅನ್ನು. ಆ ಯಾರೂ ಅಲ್ಲದವಳು ಬೆಳಿಗ್ಗೆ ಬೇಗ ಬರ್ತಾಳೆ, ನಿನಗೆ ವಾಸಿಯಾಗೋ ತನಕ ಎದ್ದು ಹೋಗೋಲ್ಲ ಅನ್ನು.”

ಮಾರ್ತೀಸ್ ಅದನ್ನೇ ಫೋನಿನಲ್ಲಿ ಹೇಳಿ, ಮಾತ್ರೆ ನುಂಗಿದಳು.